ದೊಡ್ಡ ಪಾದದ ಕೃಷ್ಣ

ಚೆನ್ನೈನ ಪೋರೂರಿನ ನಮ್ಮ ಫ್ಲ್ಯಾಟ್ಸಿನಲ್ಲಿ, ತಲೆ ನರೆತರೂ ಬಿಡದ ನನ್ನ ಕೀಟಲೆಗೆ ಬೇಸ್ತು ಬೀಳದವರಿಲ್ಲ, ಎದುರುಮನೆಯ ಹೆಂಗಸೊಬ್ಬಳನ್ನು ಬಿಟ್ಟು. ಮಕ್ಕಳಾಗಲೆಂದು ವರ್ಷಗಟ್ಟಲೆ ಆಸ್ಪತ್ರೆಗೆ ಅಲೆದವಳು, ಒಂದು ದಿನ ಸಾಕೆಂದು ನಿಲ್ಲಿಸಿದಳು. ಗೋಕುಲಾಷ್ಟಮಿಗೆ ಬಾಗಿಲಿಂದ ದೇವರ ಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಮುಷ್ಟಿಯೊತ್ತಿ ಕೃಷ್ಣನ ಪುಟ್ಟ ಹೆಜ್ಜೆ ಮೂಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಯಾರೇ ಕೆದಕಿದರೂ ಒಂದೇ ಮಾತು: “ಕೊಡೋದು ಬಿಡೋದು ಅವನಿಷ್ಟ, ಕರೆಯೋದು ನನ್ನಿಷ್ಟ.”

ಈ ಸಲ ಊರಿಂದ ಬಂದಿದ್ದ ಅವಳ ಅತ್ತೆಯೂ ಕೆದಕಿದರು.

“ಮಗುವಿಲ್ಲದ ಮನೇಲಿ ಇಷ್ಟೊಂದು ಪುಟ್ಟ ಹೆಜ್ಜೆ ಯಾಕಮ್ಮಾ? ನೋಡಿದೋರು ಏನಂದ್ಕೋತಾರೆ?”

ಅವಳು ಅದೇ ಮಾತು ಹೇಳಿ ನಕ್ಕಳು. ಅತ್ತೆಯ ಮುಖದ ಗಂಟು ಸಡಿಲವಾಗಲಿಲ್ಲ. ಬಾಗಿಲಲ್ಲಿದ್ದ ನನಗೆ ತಡೆಯಲಾಗಲಿಲ್ಲ. ಕಲಸಿಟ್ಟ ಹಿಟ್ಟಿನ ತಟ್ಟೆಯಲ್ಲಿ ಎರಡೂ ಪಾದ ಅದ್ದಿ, ಪುಟ್ಟ ಹೆಜ್ಜೆಗಳ ಪಕ್ಕದಲ್ಲೇ ನಡೆದುಹೋಗಿ ನೈವೇದ್ಯದ ಚಕ್ಕುಲಿ ಕದ್ದೆ.

ಅತ್ತೆ ಬಾಯಿ ತೆರೆದು ನಿಂತರು. ಅವಳು ಬಗ್ಗಿ ನನ್ನ ಹೆಜ್ಜೆ ನೋಡಿದಳು.

“ನೋಡಿ ಅತ್ತೆ, ನಮ್ಮ ಹುಡುಗ ಎಷ್ಟು ಬೆಳೆದಿದಾನೆ. ಒಂಬತ್ತನೇ ನಂಬರ್ ಚಪ್ಪಲಿ ಬೇಕು ಇವನಿಗೆ.”

ಅತ್ತೆಗೂ ನಗು ಬಂತು. ಗೆದ್ದೆನೆಂದು ನಾನು ಬೀಗುವಷ್ಟರಲ್ಲಿ ಅವಳು ನನ್ನ ಕೈಗೊಂದು ಒದ್ದೆ ಬಟ್ಟೆ ಕೊಟ್ಟಳು.

“ಮಾಮಾ, ತಿಂದಾದ್ಮೇಲೆ ನಿಮ್ಮ ಹೆಜ್ಜೆ ಮಾತ್ರ ಒರೆಸ್ಬಿಡಿ. ಚಿಕ್ಕವನು ಬರೋ ಹೊತ್ತಾಯ್ತು.”