ಒಮ್ಮೆಯೂ ಓಡದ ಎರಡು ಸಾಲು

ಮಾಧುರಿ ಮತ್ತೆ ನೌಕರಿ ಹಿಡಿದಾಗ ಆಕೆಗೆ ನಲವತ್ತೊಂದು. ಮಗಳು ಹುಟ್ಟಿದಾಗ ಬಿಟ್ಟಿದ್ದ ಕೆಲಸಕ್ಕೆ ಒಂಬತ್ತು ವರ್ಷದ ಮೇಲೆ ಮರಳಿದ್ದಳು. ಪುಣೆಯ ಬಿಬವೇವಾಡಿಯಿಂದ ಎರಡು ಬಸ್ ಹಿಡಿದು ವಾಕಡಕ್ಕೆ ಹೋಗಬೇಕು. ಅಲ್ಲಿನ ಸಣ್ಣ ಕಂಪನಿಯೊಂದು ಆಸ್ಪತ್ರೆಗಳಿಗಾಗಿ ಔಷಧದ ಪ್ರಮಾಣ ಹೇಳುವ ಸಾಫ್ಟ್‌ವೇರ್ ಕಟ್ಟುತ್ತಿತ್ತು.

ತಂಡದ ಮುಖ್ಯಸ್ಥ ಹರ್ಷಾ ಬೆಂಗಳೂರಿನವನು, ಆಕೆಗಿಂತ ಹನ್ನೆರಡು ವರ್ಷ ಚಿಕ್ಕವನು. ಯಾರಿಗೂ ಬೇಡವಾದ ಕೆಲಸವನ್ನು ಹೊಸಬಳಿಗೆ ವಹಿಸಿದ. ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳಲ್ಲಿ ಬೇರೆಯವರು ಬರೆದಿಟ್ಟ ಹಳೆಯ ಸಿದ್ಧ ಆಜ್ಞೆಗಳು, ಅಂದರೆ ಮೆಥಡ್‌ಗಳು ಉಳಿದುಕೊಂಡಿದ್ದವು. ಇವನ್ನು ಇನ್ನು ಬಳಸಬೇಡಿ, ಮುಂದೆ ತೆಗೆದುಹಾಕುತ್ತೇವೆ ಎಂದು ಅವನ್ನು ರಚಿಸಿದವರೇ ಎಚ್ಚರಿಸಿ ವರ್ಷಗಳಾಗಿದ್ದವು. ಅಂಥವು ಆರುನೂರಕ್ಕೂ ಹೆಚ್ಚು.

ತಾನೇ ಹುಡುಕಿ ಬದಲಿಸುವ ಸ್ಕ್ರಿಪ್ಟ್ ಬರೆದು ಒಮ್ಮೆಲೇ ಬದಲಿಸಿಬಿಡಿ, ಎರಡು ದಿನದ ಕೆಲಸ ಎಂದ ಹರ್ಷಾ. ಸುಲಭದವನ್ನು ಮಾಧುರಿ ಹಾಗೇ ಮಾಡಿದಳು. ಉಳಿದ ನೂರಾ ನಲವತ್ತನ್ನು ಮಾತ್ರ ಓದಿ ನೋಡಿಯೇ ಬದಲಿಸುತ್ತೇನೆ ಎಂದು ಪಟ್ಟು ಹಿಡಿದಳು. ಪಕ್ಕದ ಮೇಜಿನವರು ಮರಾಠಿಯಲ್ಲಿ ಏನೋ ಆಡಿಕೊಂಡು ನಕ್ಕರು. ಮನೆಮಾತು ಕನ್ನಡವಾದರೂ ಹುಟ್ಟಿದಾಗಿನಿಂದ ಪುಣೆಯಲ್ಲೇ ಇದ್ದವಳಿಗೆ ಅದು ಅರ್ಥವಾಗದೆ ಇರುತ್ತದೆಯೇ? ತಲೆ ತಗ್ಗಿಸಿ ಓದುತ್ತಲೇ ಇದ್ದಳು.

ಮೂರನೇ ವಾರ ಮಕ್ಕಳ ಔಷಧದ ಟೆಸ್ಟ್ ಕೈಗೆ ಬಂತು. ಮಗುವಿನ ತೂಕವನ್ನು ತಪ್ಪಾಗಿ ಕೊಟ್ಟರೆ ಪ್ರೋಗ್ರಾಂ ತಡೆಯಬೇಕು. ಆಮೇಲೆ, ತಪ್ಪು ಪ್ರಮಾಣ ದಾಖಲೆಗೆ ಸೇರಿಲ್ಲವಷ್ಟೇ ಎಂದು ಟೆಸ್ಟಿನ ಕೊನೆಯ ಎರಡು ಸಾಲು ಪರೀಕ್ಷಿಸಬೇಕು. ಹೊಸ ಮೆಥಡ್ ಹಾಕಿ ಓಡಿಸಿದಳು. ಎಂಟು ತಿಂಗಳಿಂದ ಪಾಸ್ ಎಂದು ಹಸಿರು ತೋರಿಸುತ್ತಿದ್ದ ಟೆಸ್ಟ್ ಫೇಲ್ ಎಂದು ಕೆಂಪಾಯಿತು. ತಾನೇ ಕೆಡಿಸಿದೆನೇನೋ ಎಂದು ಬದಲಿಸಿದ್ದನ್ನು ಮೊದಲಿಂದ ಓದಿದಳು. ಮತ್ತೆ ಮೂರು ಸಲ ನೋಡಿದ ಮೇಲೆ ಹರ್ಷಾನನ್ನು ಕರೆದಳು.

"ಬದಲಿಸುವಾಗ ಏನೋ ಮಿಸ್ ಆಗಿರತ್ತೆ ಮೇಡಂ. ಈ ಟೆಸ್ಟ್ ನಾನೇ ಬರೆದಿದ್ದು," ಎಂದ ಅವನು.

"ಮಿಸ್ ಆಗಿಲ್ರಿ. ಪ್ರೋಗ್ರಾಂ ತಪ್ಪು ತೂಕಕ್ಕ ಎಚ್ಚರಿಕೆ ಕೊಟ್ಟ ಕೂಡ್ಲೇ ಹಳೇ ಮೆಥಡ್ ಪಾಸ್ ಅಂತಂದು ಅಲ್ಲೇ ನಿಂತು ಬಿಡ್ತಿತ್ತು. ಕೆಳಗಿನ ಎರಡು ಸಾಲು ಇಲ್ಲೀತನಕ ಒಮ್ಮೆನೂ ಓಡಿಲ್ಲ. ಇವತ್ತ ಓಡ್ಯಾವ. ಕುಂದರ್ರಿ, ತೋರಸ್ತೀನಿ."

ಹರ್ಷಾ ಕುಳಿತ. ತಪ್ಪು ತೂಕ ಕೊಟ್ಟಾಗ ಪರದೆಯ ಮೇಲೆ ಎಚ್ಚರಿಕೆ ಬಂತು, ಆದರೆ ತಪ್ಪು ಪ್ರಮಾಣ ಮಾತ್ರ ದಾಖಲೆಯೊಳಗೆ ಸೇರಿಬಿಟ್ಟಿತ್ತು. ಆ ಭಾಗ ಮೊದಲ ಬಾರಿಗೆ ಆಸ್ಪತ್ರೆಗಳಿಗೆ ಹೋಗಬೇಕಿದ್ದದ್ದು ಮುಂದಿನ ಸೋಮವಾರ. ಅಂದೇ ಅದನ್ನು ತಡೆಹಿಡಿದರು.

ಸೋಮವಾರದ ಸಭೆಯಲ್ಲಿ ಹರ್ಷಾ, ಟೆಸ್ಟ್ ತನ್ನದು, ತಪ್ಪೂ ತನ್ನದು, ಕಂಡುಹಿಡಿದವರು ಮಾಧುರಿ ಎಂದು ಎಲ್ಲರೆದುರು ಹೇಳಿ ಆಕೆಯನ್ನೇ ಮುಂದೆ ಕರೆದ. ಮಾಧುರಿ ಗೋಡೆಯ ಹಲಗೆಯ ಮೇಲೆ ಬರೆದು, ನಕ್ಕವರ ಮರಾಠಿಯಲ್ಲೇ ಎಲ್ಲವನ್ನೂ ಬಿಡಿಸಿ ಹೇಳಿದಳು.

ಈಗ ತಂಡದಲ್ಲಿ ಯಾರೇ ಟೆಸ್ಟ್ ಬರೆಯಲಿ, ಮಾಧುರಿ ನೋಡಿ ಹೂಂ ಅಂದ ಮೇಲೆಯೇ ಅದು ಪ್ರೋಗ್ರಾಂಗೆ ಸೇರುತ್ತದೆ. ಅತ್ತೆ ಕಲ್ಲವ್ವ ಕಂಪ್ಯೂಟರ್ ಮುಟ್ಟಿದವಳಲ್ಲ. ಆದರೂ ಕಾಯಿಪಲ್ಲೆ ಕೊಳ್ಳಲು ಹೋದಲ್ಲೆಲ್ಲ ಹೇಳುತ್ತಾಳೆ, "ಸಣ್ಣ ಕೂಸುಗಳ ಔಷಧದಾಗ ತಪ್ಪು ಇತ್ತಂತ್ರಿ. ದೊಡ್ಡ ದೊಡ್ಡವ್ರಿಗೆ ಕಾಣಲಿಲ್ಲ, ನಮ್ಮ ಸೊಸಿ ಹಿಡಿದ್ಳು."