ರೇಡಿಯೋ ರಾಯರು ಸುಮ್ಮನಾದ ಭಾನುವಾರ

ಹೋದ ಶನಿವಾರ ಊರಿನ ಫ್ಲೋಮಾರ್ಕ್ಟ್‌ಗೆ, ಅಂದರೆ ಹಳೆಯ ಸಾಮಾನಿನ ಸಂತೆಗೆ, ಸುಮ್ಮನೆ ಹೋಗಿದ್ದೆ. ಅಲ್ಲೊಬ್ಬ ಮುದುಕ ತಾನು ಮಾರಲಿಟ್ಟ ರೇಡಿಯೋ ಕೆಟ್ಟಿಲ್ಲವೆಂದು ತೋರಿಸಲು ಅದರ ಕಿವಿ ಹಿಂಡುತ್ತಿದ್ದ. ಕರಕರ ಸದ್ದಿನ ನಡುವೆ ಯಾರೋ ಹಿರಿಯರು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡರು. ಆಮೇಲೆ ಬಂದದ್ದು ಹವಾಮಾನದ ಸುದ್ದಿ, ಜರ್ಮನ್ ಭಾಷೆಯಲ್ಲಿ. ನಾನು ಮಾತ್ರ ಕೈಯಲ್ಲಿದ್ದ ಪಿಂಗಾಣಿ ಬಟ್ಟಲು ಕೆಳಗಿಟ್ಟು ನಿಂತುಬಿಟ್ಟೆ. ನಮ್ಮ ರಾಯರು ಶುರುಮಾಡುತ್ತಿದ್ದದ್ದು ಹೀಗೆಯೇ.

ನೀವು ರಾಯರನ್ನು ಕೇಳಿರಲಿಕ್ಕಿಲ್ಲ. ಮೈಸೂರಿನ ಕಡೆಯವರು, ಇಲ್ಲಿ ಜರ್ಮನಿಯ ಗಾರ್ಕಿಂಗ್‌ನ ಒಂದು ಸಂಶೋಧನಾಲಯದಲ್ಲಿ ಭೌತವಿಜ್ಞಾನಿ. ಊರಿನ ಜನರೇ ನಡೆಸುವ ಸಣ್ಣ ರೇಡಿಯೋ ಒಂದರಲ್ಲಿ ಅವರಿಗೆ ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಿಕ್ಕಿತ್ತು. ಮೊದಮೊದಲು ದೇವರನಾಮ ಹಾಕುವುದಷ್ಟೇ ಕೆಲಸ. ಒಂದು ವಾರ ಕ್ಯಾಸೆಟ್ ಸಿಕ್ಕಿಹಾಕಿಕೊಂಡು ಹಾಡು ನಿಂತಿತಂತೆ. ಹೊತ್ತು ತುಂಬಿಸಲು ರಾಯರು, ಮಕ್ಕಳೊಂದಿಗೆ ಮನೆಯಲ್ಲಿ ಕನ್ನಡವನ್ನೇ ಏಕೆ ಆಡಬೇಕು ಎಂದು ಮಾತಾಡತೊಡಗಿದರು. ಒಪ್ಪದ ಮೂವರು ಫೋನ್ ಮಾಡಿ ಜಗಳವಾಡಿದರು. ಮುಂದೆ ಹಾಡು ಸಣ್ಣದಾಯಿತು, ಜಗಳ ದೊಡ್ಡದಾಯಿತು. ಕಾರ್ಯಕ್ರಮ ಇಂಟರ್ನೆಟ್ಟಿಗೂ ಬಂದ ಮೇಲೆ ನಮ್ಮ ಅಬ್‌ಸ್ಟಾಟ್‌ನಂಥ ಹಳ್ಳಿಯ ಅಡುಗೆಮನೆಗಳಲ್ಲೂ ರಾಯರು ಬಂದು ಕೂತರು.

ಅವರು ಹಳೆಯದರ ಪರ. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಮದುವೆಯನ್ನು ಹಿರಿಯರು ನೋಡಿಯೇ ಮಾಡಬೇಕು, ಮದುವೆಯಾಗದೆ ಒಂದೇ ಮನೆಯಲ್ಲಿ ಇರಬಾರದು, ವರ್ಷ ತುಂಬಿದ ಕೂಸನ್ನು ಕಿಟಾ ಎಂಬ ಶಿಶುವಿಹಾರಕ್ಕೆ ಬಿಟ್ಟು ಆಫೀಸಿಗೆ ಓಡಬಾರದು, ಹೆಂಡತಿ ಗಂಡನಿದ್ದಲ್ಲಿ ಇರಬೇಕು. ಆದರೆ ಒಮ್ಮೆಯೂ ಧ್ವನಿ ಏರಿಸಿದವರಲ್ಲ. ಎದುರಾಳಿ ಕೂಗಾಡಿ ದಣಿಯುವವರೆಗೆ ಕಾದು, 'ತಮ್ಮಾ, ನಿಮ್ಮ ಮಾತು ಮುಗೀತೇ? ಈಗ ನನ್ನ ಸರದಿ' ಅನ್ನುತ್ತಿದ್ದರು. ಮಾತಿನ ನಡುವೆ ಎಷ್ಟು ಹೊತ್ತು ನಿಲ್ಲಿಸುತ್ತಿದ್ದರೆಂದರೆ, ಹೊಸಬರು ವೈಫೈ ಹೋಯಿತೆಂದು ಎದ್ದು ನೋಡುತ್ತಿದ್ದರು. ಒಮ್ಮೆ ಒಂದು ಪುಟ್ಟ ಹುಡುಗಿಗೆ, ದಿನಾ ಅಪ್ಪ ಅಮ್ಮನ ಕಾಲಿಗೆ ನಮಸ್ಕಾರ ಮಾಡುತ್ತೀಯಾ ಎಂದು ಕೇಳಿದರು. ಅದು 'ನೈನ್, ಓಪಾ' ಅಂದಿತು. 'ಇಲ್ಲ, ಅಜ್ಜ' ಅಂತ. ರಾಯರು ತುಂಬ ಹೊತ್ತು ನಕ್ಕರು. ಅವರ ಒಂದು ಮಾತನ್ನೂ ಒಪ್ಪದ ನಾನು ಅವರನ್ನು ಇಷ್ಟಪಡತೊಡಗಿದ್ದು ಆ ನಗೆಯಿಂದಲೇ ಇರಬೇಕು.

ನಾನು ಹುಬ್ಬಳ್ಳಿಯವಳು. ನಾನು ಮತ್ತು ಗಂಡ ಗಿರೀಶ ಇಬ್ಬರೂ ಕಾರಿನ ಬಿಡಿಭಾಗಗಳ ಎಂಜಿನಿಯರುಗಳು. ಭಾನುವಾರ ನಾನು ರೊಟ್ಟಿ ಬಡಿಯುವಾಗ ಲ್ಯಾಪ್‌ಟಾಪಿನಲ್ಲಿ ರಾಯರು ಇರುತ್ತಿದ್ದರು. ನಾನು ರೊಟ್ಟಿಗೆ ಬೀಳಬೇಕಾದ್ದಕ್ಕಿಂತ ಜೋರಾಗಿ ಬಡಿದರೆ, ರಾಯರು ಹೆಂಗಸರ ವಿಷಯಕ್ಕೆ ಬಂದರೆಂದು ಗಿರೀಶನಿಗೆ ತಿಳಿಯುತ್ತಿತ್ತು. ಅವನಿಗೋ ರಾಯರು ಹೈಕೋರ್ಟು. ನನ್ನೊಡನೆ ವಾದದಲ್ಲಿ ಸೋಲುವ ಹೊತ್ತಿಗೆ ಅವರನ್ನು ಸಾಕ್ಷಿಗೆ ಕರೆಯುತ್ತಿದ್ದ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಗಿರೀಶನ ಕಂಪನಿ ಅವನನ್ನು ಪುಣೆಗೆ ಕರೆಯಿತು, ದೊಡ್ಡ ಹುದ್ದೆಗೆ. ಸಂಜೆ ಬಂದವನೇ ಶೂ ಬಿಚ್ಚುತ್ತ, 'ಹೂಂ ಅಂದು ಬಂದೇನಿ' ಅಂದ. ನನಗೆ ಅದೇ ತಿಂಗಳು ಬ್ರೇಕ್ ಪರೀಕ್ಷೆಯ ತಂಡದ ಹೊಣೆ ಸಿಕ್ಕಿತ್ತು. ಅದಕ್ಕಾಗಿ ನಾಲ್ಕು ಚಳಿಗಾಲ ಹಿಮದ ಮೇಲೆ ಕಾರು ಜಾರಿಸಿ ಜಾರಿಸಿ ಬಂದಿದ್ದೆ.

'ನನ್ನ ಕೇಳಬೇಕಂತ ಅನಸ್ಲಿಲ್ಲೇನು?'

'ಕೇಳೂದೇನದ? ಇಬ್ರೂ ಹೋಗೂದಲ್ಲಾ. ನಿನಗೂ ಅಲ್ಲೇ ಜಾಬ್ ಸಿಗ್ತದ.'

ಮೂರು ದಿನ ಮಾತಿಲ್ಲ. ಭಾನುವಾರ ರಾಯರ ಗಂಟಲಿನ ಸದ್ದು ಕೇಳಿ ಗಿರೀಶ ಮೆಲ್ಲಗೆ, 'ಬೇಕಾದ್ರ ರಾಯರ್ನ ಕೇಳು' ಅಂದ. ಅವನು ಅಂದದ್ದು ತಮಾಷೆಗೆ. ನಾನು ಹಿಟ್ಟಿನ ಕೈಯಲ್ಲೇ ನಂಬರು ಒತ್ತಿದೆ.

'ನಮಸ್ಕಾರ ತಾಯಿ. ಎಲ್ಲಿಂದ ಮಾತಾಡ್ತಿದ್ದೀರಿ?'

'ಅಬ್‌ಸ್ಟಾಟ್‌ನಿಂದರೀ. ನಮ್ಮನಿಯವ್ರು ಪುಣೆಕ್ಕ ಹೊಂಟಾರ. ನನ್ನ ಕೆಲಸ ಇಲ್ಲೈತಿ. ನಾ ಏನ್ ಮಾಡ್ಲಿ ಹೇಳ್ರಿ.'

ರಾಯರು ಎಂದಿನಂತೆ ನಿಲ್ಲಿಸಿ, ಯೋಚಿಸಿ ಹೇಳಿದರು. 'ತಾಯಿ, ಒಲೆ ಎರಡಾದ್ರೆ ಮನೆ ಎರಡಾಗುತ್ತೆ. ಕೆಲಸ ಇನ್ನೊಂದು ಸಿಕ್ಕೀತು. ನೀವು ಅವರ ಜೊತೆ ಹೋಗಿ. ನಮ್ಮ ಮನೆಯವರೂ ನನ್ನ ಹಿಂದೆ ಹೀಗೇ ಬಂದ್ರು. ಮೂವತ್ತೈದು ವರ್ಷ ಆಯ್ತು. ಒಂದು ದಿನ ಬೇಜಾರು ಮಾಡ್ಕೊಂಡವರಲ್ಲ.'

ನನಗೆ ಜಗಳವಾಡುವ ಮನಸ್ಸಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. 'ಬರೂಕಿಂತ ಮೊದಲ ನೀವು ಅವರನ್ನ ಕೇಳಿದ್ರೇನ್ರೀ?'

ರಾಯರು ಸುಮ್ಮನಾದರು. ಅವರ ಮೌನಗಳ ಅಳತೆ ನಮಗೆ ಗೊತ್ತಿತ್ತು. ಇದು ಆ ಅಳತೆಯದಲ್ಲ. ಗಿರೀಶ ಎದ್ದು ಲ್ಯಾಪ್‌ಟಾಪಿನ ಹತ್ತಿರ ಬಂದ. ಕೊನೆಗೆ ರಾಯರು, 'ಒಂದು ಹಾಡು ಕೇಳೋಣ' ಅಂದರು. ಆ ದಿನ ಉಳಿದ ಹೊತ್ತೆಲ್ಲ ಹಾಡೇ ಆಯಿತು. ಹಿರಿಯರನ್ನು ನಾಲ್ಕು ಜನರೆದುರು ನೋಯಿಸಿದೆನೆಂದು ನನಗೆ ಊಟ ಸೇರಲಿಲ್ಲ.

ಮುಂದಿನ ಭಾನುವಾರ ಗಂಟಲು ಸರಿಮಾಡಿಕೊಂಡು ರಾಯರೆಂದರು: 'ಕಳೆದ ವಾರ ಒಬ್ಬ ತಾಯಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಕೇಳಿದೆ. ಬಂದ ಉತ್ತರವನ್ನು ನನ್ನ ಬಾಯಲ್ಲಿ ಹೇಳುವುದು ಸರಿಯಲ್ಲ. ನಮ್ಮ ಮನೆಯವರು ಬಂದಿದ್ದಾರೆ.'

ಕುರ್ಚಿ ಎಳೆದ ಸದ್ದು. ವಿಶಾಲಾಕ್ಷಮ್ಮನವರ ಧ್ವನಿ ನಾವು ಕೇಳಿದ್ದು ಅದೇ ಮೊದಲು. ಅವರು ಕೇಳುಗರ ಕಡೆ ತಿರುಗಲೇ ಇಲ್ಲ, ಗಂಡನೊಡನೆಯೇ ಮಾತಾಡಿದರು.

'ಮೈಸೂರಲ್ಲಿ ನಾನು ಬಾಟನಿ ಲೆಕ್ಚರರ್ ಆಗಿದ್ದೆ. ಪಾಚಿ ಮೇಲೆ ರಿಸರ್ಚ್ ಶುರು ಮಾಡಿದ್ದೆ. ನಿಮಗೆ ಈ ಕೆಲಸ ಸಿಕ್ತು. ನೀವು ಟಿಕೆಟ್ ತಂದು ಮೇಜಿನ ಮೇಲಿಟ್ರಿ. ಬೇಜಾರು ಮಾಡ್ಕೊಂಡಿಲ್ಲ ಅಂದ್ರಲ್ಲ, ನಿಜ. ಇಲ್ಲಿ ಎಲ್ಲಾ ಚೆನ್ನಾಗೇ ಆಯ್ತು. ಆದ್ರೆ ನೀವು ಕೇಳಿದ್ರೂ ಬರ್ತಿದ್ದೆ ನಾನು. ಕೇಳಲಿಲ್ಲ, ಆಗಲೂ ಬಂದೆ. ಅವೆರಡೂ ಒಂದೇ ಅಲ್ಲ.'

'ಅಲ್ಲ,' ಅಂದರು ರಾಯರು. 'ತಪ್ಪಾಯ್ತು, ವಿಶಾಲು.' ಜರ್ಮನಿಯ ಕನ್ನಡಿಗರೆಲ್ಲ ಕೇಳುತ್ತಿದ್ದಾರೆಂಬುದು ಅವರಿಗೆ ಮರೆತೇಹೋಗಿತ್ತೆಂದು ಕಾಣುತ್ತದೆ. ಹಾಗೆ ಅವರು ಹೆಂಡತಿಯನ್ನು ಕರೆದದ್ದನ್ನು ಕೇಳಿಸಿಕೊಳ್ಳಬಾರದಿತ್ತೆನಿಸಿ ನಾನು ಹಂಚಿನ ಕಡೆ ತಿರುಗಿದೆ.

ಹಿಂದಿನಿಂದ ಗಿರೀಶನ ದನಿ ಬಂತು. 'ನಿನಗ ಏನ್ ಅನಸ್ತದ? ಖರೇ ಹೇಳು.'

ಖರೇ ಹೇಳಿದೆ. ಬಹಳ ಹೊತ್ತು ಹಿಡಿಯಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಕಂಪನಿಗೆ ಕೊಟ್ಟು ಬಂದ ಮಾತನ್ನು ಗಿರೀಶ ಹಿಂತೆಗೆದುಕೊಳ್ಳುವಂತಿರಲಿಲ್ಲ, ಪುಣೆಯ ಕೆಲಸವನ್ನು ಒಂದು ವರ್ಷಕ್ಕೆ ಇಳಿಸಿಕೊಂಡ. ಒಬ್ಬನೇ ಹೋದ, ಕುಕ್ಕರ್ ಇಡುವುದು ಕಲಿತು ಬಂದ. ಆ ವರ್ಷ ಸುಖದ್ದೆಂದು ಹೇಳಲಾರೆ. ಒಲೆ ಎರಡಾದರೆ ಏನಾಗುತ್ತದೆಂದು ರಾಯರಿಗೆ ಚೆನ್ನಾಗಿ ತಿಳಿದಿತ್ತು.

ರಾಯರೇನೂ ಬದಲಾಗಿಬಿಡಲಿಲ್ಲ. ತಿಂಗಳೊಳಗೆ ಮತ್ತೆ ಲಿವ್-ಇನ್ ಜೋಡಿಗಳ ಹಿಂದೆ ಬಿದ್ದರು. ನನಗೂ ಒಮ್ಮೆ ಫೋನ್ ಮಾಡಿ, 'ಸಂಸಾರ ಒಂದೇ ಕಡೆ ಇರಬೇಕು ಅಂತಲೇ ನಾನು ಈಗಲೂ ಹೇಳೋದು, ತಾಯಿ' ಅಂದರು. ಆದರೆ ಅಂದಿನಿಂದ ಯಾರೇ ಮನೆಯ ವಿಷಯ ತಂದರೂ ಬುದ್ಧಿ ಹೇಳುವ ಮುಂಚೆ, 'ಮನೆಯಲ್ಲಿ ಕೇಳಿದಿರಾ?' ಅನ್ನುತ್ತಿದ್ದರು. ಇಲ್ಲವೆಂದರೆ, 'ಕೇಳಿ ಬನ್ನಿ, ನಾನು ಇಲ್ಲೇ ಇರ್ತೀನಿ' ಎಂದು ಹಾಡು ಹಾಕುತ್ತಿದ್ದರು.

ಒಮ್ಮೆ ಗಾರ್ಕಿಂಗ್‌ಗೆ ಅವರನ್ನು ನೋಡಲು ಹೋಗಿದ್ದೆವು. ನದಿಯ ದಂಡೆಯಲ್ಲಿ ವಿಶಾಲಾಕ್ಷಮ್ಮ ಕಲ್ಲಿನಿಂದ ಕಲ್ಲಿಗೆ ಬಾಗುತ್ತ ಮುಂದೆ, ಭೂತಗನ್ನಡಿ ಮತ್ತು ನೋಟುಬುಕ್ಕು ಹಿಡಿದು ರಾಯರು ಹಿಂದೆ. ಪಾಚಿಯ ಲ್ಯಾಟಿನ್ ಹೆಸರನ್ನು ಅವರು ತಪ್ಪಾಗಿ ಓದಿದರೆ ಆಕೆ ತಿದ್ದುತ್ತಿದ್ದರು. ಅವರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಮೂರು ವರ್ಷದ ಹಿಂದೆ ರಾಯರು ತೀರಿಕೊಂಡರು. ಕಾರ್ಯಕ್ರಮವೂ ನಿಂತಿತು.

ಸಂತೆಯಿಂದ ಬರಿಗೈಯಲ್ಲಿ ಮನೆಗೆ ಬಂದೆ. ಗಿರೀಶನಿಗೆ ಈಗ ಬೇರೆ ಊರಿನಲ್ಲಿ, ಶ್ವೀಬರ್ಡಿಂಗೆನ್‌ನಲ್ಲಿ ಕೆಲಸ. ಅಲ್ಲಿಗೇ ಹೋಗುವುದೆಂದು ನಾವಿಬ್ಬರೂ ಕೂಡಿ ಮಾತಾಡಿ, ಒಬ್ಬರನ್ನೊಬ್ಬರು ಎರಡೆರಡು ಸಲ ಕೇಳಿ, ಸೋಮವಾರ ಒಂದು ಮನೆ ನೋಡಲು ಹೊತ್ತು ಗೊತ್ತುಮಾಡಿದ್ದೆವು. ಮಗಳು ಇರಾಗೆ ಒಂಬತ್ತು ವರ್ಷ. ಅವಳ ಶಾಲೆ, ಅವಳ ಗೆಳತಿಯರು ಎಲ್ಲ ಇಲ್ಲೇ. ಅವಳಿಗೆ ಹೇಳಬೇಕೆಂದುಕೊಂಡಿದ್ದೆವು, ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಅವಳ ಕೋಣೆಗೆ ಹೋಗಿ ನೆಲದ ಮೇಲೆ ಕೂತು ಕೇಳಿದೆ. ಅವಳು ಚಿತ್ರಕ್ಕೆ ಬಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

'ನನಗ ಗೊತ್ತದ ಅಮ್ಮಾ. I heard you both.'

'ಹಂಗಾದ್ರ ನೀ ಏನಂತೀ?'

ಅವಳು ಹಸಿರು ಪೆನ್ಸಿಲ್ ಇಟ್ಟು ನೀಲಿ ತೆಗೆದುಕೊಂಡಳು. ನಾನು ಕಾದೆ. 'ಇಶ್ ವೈಸ್ ನಿಖ್ಟ್,' ಅಂದಳು, ಗೊತ್ತಿಲ್ಲ ಅಂತ. ಆಮೇಲೆ ಕನ್ನಡದಲ್ಲಿ, 'ನಾ ಮನಿ ನೋಡಿಲ್ಲಲ್ಲ. ಹೆಂಗ ಹೇಳ್ಲಿ?'

ಮನೆಯ ಮಾಲೀಕರಿಗೆ ಬರೆದೆ. ಸೋಮವಾರ ಆಗುವುದಿಲ್ಲ, ಅಂದು ಶಾಲೆ ಇದೆ. ಶನಿವಾರ ಬರಬಹುದೇ, ಮೂವರು ಬರುತ್ತೇವೆ.