ಉಪ್ಪಿನಲ್ಲಿ ಕೆಂಪಾದ ತೊಗಲು

ಅರವತ್ತರ ದಶಕದ ಮೊದಲಲ್ಲಿ ನಾನು ಹಾಸನದ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ವಿದ್ಯಾರ್ಥಿಗಳು ಕೊಯ್ದು ನೋಡುವ ಕಪ್ಪೆಗಳನ್ನು ಸಾಲಗಾಮೆ ಕಡೆಯ ಒಬ್ಬ ಹೆಂಗಸು ಗದ್ದೆಯಲ್ಲಿ ಹಿಡಿದು ಒದ್ದೆ ಗೋಣಿಯಲ್ಲಿ ತಂದುಕೊಡುತ್ತಿದ್ದಳು. ಅವಳ ಮನೆಯ ಕಸುಬು ತೊಗಲು ಹದ ಮಾಡುವುದು. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಕೂದಲು ಬಿಡಿಸಲು ತೊಗಲನ್ನು ದಿನಗಟ್ಟಲೆ ಸುಣ್ಣದ ಗುಂಡಿಯಲ್ಲಿ ನೆನೆಹಾಕಬೇಕು. ಅದರಲ್ಲಿ ಅದ್ದಿ ಅದ್ದಿ ಅವಳ ಬೆರಳ ಸಂದುಗಳು ಬಿರಿದುಹೋಗಿದ್ದವು. ನಾನು ಆ ಕೈಗಳನ್ನು ನೋಡಿಯೂ ನೋಡದಂತೆ ಇದ್ದುಬಿಡುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಅವಳು ಮುತ್ತುಗದ ಎಲೆಯಲ್ಲಿ ಸುತ್ತಿದ ತೊಗಲಿನ ತುಂಡು ತಂದಳು. ಕೆಡದಿರಲೆಂದು ಉಪ್ಪು ಹಚ್ಚಿಟ್ಟಿದ್ದ ತೊಗಲು ಅಲ್ಲಲ್ಲಿ ಕೆಂಪಗಾಗಿ ಅಂಟಂಟಾಗಿತ್ತು. ಹಾಳಾಯಿತೆಂದು ಹೇಳಲು ಬಂದಿದ್ದಾಳೆ ಅಂದುಕೊಂಡೆ. ಅವಳು ಕೆಂಪು ಜಾಗದ ಕೂದಲನ್ನು ಎರಡು ಬೆರಳಲ್ಲಿ ಎಳೆದಳು. ಸಲೀಸಾಗಿ ಬಂತು.

"ಇದನ್ನ ಸುಣ್ಣಕ್ಕೆ ಇಕ್ಕೇ ಇಲ್ಲ ಕಣಮ್ಮಾವ್ರೇ. ಈ ಕೆಂಪೇ ಬಿಡುಸ್ತದೆ. ಬೇಕಂತ್ಲೇ ಬೆಳಸಾಕಾಗಾಕಿಲ್ವಾ?"

ಉಪ್ಪಿನಲ್ಲೇ ಬದುಕುವ ಬ್ಯಾಕ್ಟೀರಿಯಗಳಿವೆ, ಅವು ಸಮುದ್ರದ ಉಪ್ಪಿನ ಜೊತೆಗೇ ಬರುತ್ತವೆ, ಅವು ಸೂಸುವ ಕಿಣ್ವ ತೊಗಲನ್ನು ಕರಗಿಸುತ್ತದೆ ಎಂದು ನಾನು ಓದಿದ್ದೆ. ಪುಸ್ತಕದಲ್ಲಿದ್ದುದು ನಷ್ಟದ ಮಾತು ಮಾತ್ರ. ಅದನ್ನು ಕೆಲಸಕ್ಕೆ ಹಚ್ಚಬಹುದೆಂದು ನನಗೆ ಹೊಳೆದಿರಲಿಲ್ಲ. ಅವಳನ್ನು ಪ್ರಯೋಗಾಲಯದ ಒಳಗೆ ಕರೆದೆ. ಅಟೆಂಡರ್ ಮುಖ ಗಂಟಿಕ್ಕಿಕೊಂಡು ಹೊರಗೆ ಹೋದ. ಹೊಸ್ತಿಲು ದಾಟಲು ಅವಳು ಬಹಳ ಹೊತ್ತು ಅನುಮಾನಿಸಿದಳು. ಆ ಕೆಂಪನ್ನು ಗಾಜಿನ ಮೇಲೆ ಸವರಿ ತೋರಿಸಿದಾಗ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಕಡ್ಡಿ ಕಡ್ಡಿಯಾಗಿವೆ ಅಂದಳು. ಸರಿಯಾಗಿಯೇ ನೋಡಿದ್ದಳು.

ಅವು ಬೆಳೆಯಲು ಒಳ್ಳೆಯ ಬಿಸಿ ಬೇಕು. ನಮ್ಮಲ್ಲಿ ಅದಕ್ಕೆ ಉಪಕರಣವಿರಲಿಲ್ಲ. ತೊಗಲಿನ ಕೆಂಪನ್ನು ಕೆರೆದು ಉಪ್ಪುನೀರಿನ ಬಾಟಲಿಗಳಿಗೆ ಹಾಕಿದೆ. ಶನಿವಾರ ಊರಿಗೆ ಹೋಗುವಾಗ ಅವನ್ನು ಚೀಲದಲ್ಲಿ ಒಯ್ದು, ಹೊಳೆನರಸೀಪುರದ ನಮ್ಮ ಮನೆಯ ಬಚ್ಚಲ ಒಲೆಯ ಮಗ್ಗುಲಿಗಿಟ್ಟೆ. ಅಮ್ಮ ಏನೆಂದು ಕೇಳಿದಾಗ ಉಪ್ಪುನೀರು ಅಂದೆ. ತೊಗಲಿಂದ ಬಂದದ್ದೆಂದು ಹೇಳುವ ಧೈರ್ಯ ಆಗಲಿಲ್ಲ. ಮೂರು ವಾರಕ್ಕೆ ನೀರು ಕೆಂಪಾಯಿತು. ಹಾಲು, ಉಪ್ಪು ಬೆರೆಸಿ ಹೆಪ್ಪುಗಟ್ಟಿಸಿದ ಅಗರ್ ಎಂಬ ಪಾಚಿಯ ಅಂಟಿನ ಮೇಲೆ ಹಚ್ಚಿದಾಗ ಪ್ರತಿ ಕೆಂಪು ಚುಕ್ಕೆಯ ಸುತ್ತಲೂ ಹಾಲು ಕರಗಿ ತಿಳಿಯಾದ ಉಂಗುರ ಮೂಡಿತು. ಕಿಣ್ವ ಕೆಲಸ ಮಾಡಿತ್ತು. ಆವತ್ತು ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಅವಳ ಹಿತ್ತಲಲ್ಲಿ ಆ ನೀರಿಗೆ ತೊಗಲು ಹಾಕಿ ನೋಡಿದೆವು. ಮೊದಲನೆಯದರಲ್ಲಿ ಕೂದಲೇನೋ ಉದುರಿತು, ಜೊತೆಗೆ ತೊಗಲಿನ ಮೇಲ್ಪದರವೂ ಒದ್ದೆ ಕಾಗದದ ಹಾಗೆ ಕಿತ್ತು ಬಂತು. ದಿನ ಕಡಿಮೆ ಮಾಡಿದರೆ ಕೂದಲೇ ಸಡಿಲಾಗಲಿಲ್ಲ. ಉಪ್ಪು ಕಡಿಮೆ ಮಾಡಿದರೆ ಬ್ಯಾಕ್ಟೀರಿಯಗಳೇ ಸತ್ತು ತೊಗಲು ನಾರಿತು. ತೊಗಲನ್ನು ಬಿಟ್ಟು ಕೂದಲ ಬುಡವನ್ನಷ್ಟೇ ಸಡಿಲಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ನಮ್ಮ ಮುಖ್ಯಸ್ಥರು ಮೊದಲು ಪಾಠ ಮುಗಿಸಿ ಅಂದರು. ದೂರದ ಸಂಶೋಧನಾಲಯವೊಂದಕ್ಕೆ ಬರೆದೆ. ಪತ್ರ ತಲುಪಿದೆ ಎಂದಷ್ಟೇ ಉತ್ತರ ಬಂತು. ಅಷ್ಟರಲ್ಲಿ ಅವಳ ನಾಲ್ಕು ತೊಗಲು ನನ್ನ ಕೈಯಲ್ಲೇ ಹಾಳಾಗಿದ್ದವು. ಅವಳು ಎಂದಿನಂತೆ ಕಪ್ಪೆ ತಂದುಕೊಟ್ಟು ಹೋಗುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಅದೇ ವರ್ಷ ನನ್ನ ಮದುವೆ ಗೊತ್ತಾಯಿತು. ಗಂಡಿನ ಮನೆ ಅರಕಲಗೂಡಿನಲ್ಲಿ. ಕೆಲಸ ಬಿಡುವುದೆಂದು ಹಿರಿಯರೇ ಮಾತಾಡಿಕೊಂಡಿದ್ದರು. ನಾನು ಬೇಡ ಅನ್ನಲಿಲ್ಲ. ಅಂದಿದ್ದರೂ ಯಾರು ಕೇಳುತ್ತಿದ್ದರೋ. ಬಾಟಲಿಗಳನ್ನು ಪ್ರಯೋಗಾಲಯದ ಬೀರುವಿನಲ್ಲಿಟ್ಟು, ವಿವರವೆಲ್ಲ ಬರೆದು ಅಂಟಿಸಿ, ಅವಳಿಗೆ ಹೇಳಿಬರಲು ಹೋದೆ. ತೊಗಲು ಕೆರೆಯುತ್ತಿದ್ದವಳು ಎದ್ದು ನಿಂತು ಎಲ್ಲ ಕೇಳಿಸಿಕೊಂಡಳು.

"ನಿಮ್ ಜಾಗಕ್ಕೆ ಬರೋರ್ಗೆ ಇದು ಗೊತ್ತದಾ ಅಮ್ಮಾವ್ರೇ?"

ಬರುವವರು ಯಾರೆಂದೇ ನನಗೆ ಗೊತ್ತಿರಲಿಲ್ಲ. ಅವರಿಗೆ ಬರೆದು ತಿಳಿಸುತ್ತೇನೆ ಅಂದೆ. ಅರಕಲಗೂಡಿನಿಂದ ನಮ್ಮ ಮುಖ್ಯಸ್ಥರಿಗೆ ಎರಡು ಕಾಗದ ಬರೆದೆ. ಎರಡಕ್ಕೂ ಉತ್ತರ ಬರಲಿಲ್ಲ. ಮೂರನೆಯದನ್ನು ಯಾರ ಹೆಸರಿಗೆ ಬರೆಯಬೇಕೋ ತಿಳಿಯದೆ ಸುಮ್ಮನಾದೆ.